ಹಳೇ ಕಾರಿನ ಮ್ಯಾಟ್ ಎತ್ತಿ ನೋಡಿ: ಬೆಂಗಳೂರಿಗೆ ಬಂದ ಹೊಸಬರಿಗೆ

ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹಿಡಿದ ಮೇಲೆ ಮುಂದಿನ ಯೋಚನೆ ಗಾಡಿಯದು. ಹೊಸದು ಕೈಗೆಟುಕದಿದ್ದರೆ ಹತ್ತು ಹನ್ನೆರಡು ವರ್ಷದ ಸ್ವಿಫ್ಟೋ ಸ್ಯಾಂಟ್ರೋನೋ ಸಿಕ್ಕೇ ಸಿಗುತ್ತದೆ. ಎಂಜಿನ್ ಸದ್ದು ಕೇಳುತ್ತೀರಿ, ಟೈರ್ ಮುಟ್ಟಿ ನೋಡುತ್ತೀರಿ, ಮೀಟರ್ ನೋಡುತ್ತೀರಿ. ಕಾಲಿಡುವ ಜಾಗದ ಮ್ಯಾಟ್ ಎತ್ತಿ, ಕೆಳಗೆ ನೀರು ಕೂತು ತಗಡಿಗೆ ತುಕ್ಕು ಹಿಡಿದಿದೆಯಾ ಅಂತ ನೋಡುವವರು ಕಮ್ಮಿ. ಮಾರುವವನಿಗೂ ಇದು ಗೊತ್ತು. ಅದಕ್ಕೇ ಹಳೇ ಗಾಡಿಯಲ್ಲಿ ಹೊಚ್ಚ ಹೊಸ ಮ್ಯಾಟ್, ಜೊತೆಗೆ ಮೂಗಿಗೆ ಹೊಡೆಯುವ ಪರ್ಫ್ಯೂಮ್ ಇದ್ದರೆ ನನಗೆ ಮೊದಲು ಅನುಮಾನ ಬರುವುದು.

ನಂಬರ್ ಪ್ಲೇಟ್ ನೋಡಿ. ಕೆಎ 19 ಮಂಗಳೂರು, ಕೆಎ 20 ಉಡುಪಿ, ಕೆಎ 30 ಕಾರವಾರ. ಕರಾವಳಿಯ ಉಪ್ಪುಗಾಳಿ, ಆ ಮಳೆ ಎರಡೂ ಸೇರಿ ಗಾಡಿಯನ್ನು ಅಡಿಯಿಂದ ತಿನ್ನುತ್ತವೆ. ಅಂಥ ಗಾಡಿಯನ್ನು ರ‍್ಯಾಂಪ್ ಮೇಲೆ ಎತ್ತಿಸಿ ನೋಡದೆ ದುಡ್ಡು ಕೊಡಬೇಡಿ. ಅಮೆರಿಕ, ಕೆನಡಾದಲ್ಲಿ ಇದ್ದು ವಾಪಸ್ ಬಂದವರು ತುಕ್ಕು ಅಂದರೆ ಹಿಮಕ್ಕೆ ರಸ್ತೆ ಮೇಲೆ ಸುರಿಯುವ ಉಪ್ಪನ್ನೇ ನೆನೆಸಿಕೊಳ್ಳುತ್ತಾರೆ. ಬೆಂಗಳೂರಲ್ಲಿ ಸಮುದ್ರವೂ ಇಲ್ಲ, ಹಿಮವೂ ಇಲ್ಲ. ಇಲ್ಲೇ ಓಡಿದ ಗಾಡಿಗೆ ತುಕ್ಕು ಹಿಡಿಯುವುದು ಬಹುಪಾಲು ಒಳಗಿನಿಂದ. ಎಲ್ಲಿಂದಲೋ ನೀರು ಬರುತ್ತದೆ, ಮ್ಯಾಟ್ ಕೆಳಗಿನ ಸ್ಪಂಜು ಅದನ್ನು ಕುಡಿದುಕೊಂಡು ವಾರಗಟ್ಟಲೆ ಕೂತಿರುತ್ತದೆ, ಅದರಡಿಯ ತಗಡು ಒಣಗುವುದೇ ಇಲ್ಲ. ಮೇಲೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ.

ಇನ್ನೊಂದು ಜಾತಿ, ಪ್ರವಾಹದ ಗಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಎಷ್ಟೋ ಬೇಸ್‌ಮೆಂಟುಗಳು ಮುಳುಗಿದವು. ಅಂಥ ಗಾಡಿ ಕೈ ಬದಲಾಗುತ್ತಾ ನಿಮ್ಮ ಮುಂದೆ ಬಂದು ನಿಲ್ಲಬಹುದು. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಗೇ ಮಾತು ಮುಗಿಸಿ. ಸ್ಟೆಪ್ನಿ ಇಡುವ ಗುಂಡಿ, ಸೀಟ್ ಹಳಿಯ ಬೋಲ್ಟುಗಳು, ಇವಕ್ಕೂ ಟಾರ್ಚ್ ಬಿಡಿ.

ಸರಿ, ಗಾಡಿ ಆಗಲೇ ಕೊಂಡಾಗಿದೆ, ಒಳಗೆ ಮುಗ್ಗು ವಾಸನೆ, ಬೆಳಿಗ್ಗೆ ಗಾಜಿನ ಒಳಮೈ ಮಂಜು ಕಟ್ಟುತ್ತದೆ ಅಂದುಕೊಳ್ಳಿ. ತಕ್ಷಣ ತಗಡಿನ ಕೆಲಸ ಮಾಡುವ ಟಿಂಕರಿಂಗ್ ಅಂಗಡಿಗೆ ಓಡಬೇಡಿ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಅದು ಬಿಟ್ಟು ತಗಡು ಬದಲಾಯಿಸಿದರೆ ಹೊಸ ತಗಡಿಗೂ ಅದೇ ಗತಿ. ನಾಲ್ಕೂ ಮೂಲೆಯ ಮ್ಯಾಟ್ ಕೆಳಗೆ ಹಳೇ ಪೇಪರ್ ಹಾಸಿ, ರಾತ್ರಿ ಕಳೆದ ಮೇಲೆ ನೋಡಿ. ಮಳೆ ಇಲ್ಲದ ದಿನವೂ ಎಡಗಡೆ ಮುಂದೆ ಒದ್ದೆಯಾದರೆ, ನೀರು ತಿಳಿಯಾಗಿದ್ದರೆ, ಅದು ಸಾಮಾನ್ಯವಾಗಿ ಎಸಿ ನೀರು. ಕೆಳಗೆ ಬಿಡುವ ಪೈಪ್ ಕಟ್ಟಿಕೊಂಡಿರುತ್ತದೆ. ಬೆರಳಿಗೆ ಜಿಗುಟು, ಸಿಹಿ ವಾಸನೆ ಇದ್ದರೆ ಅದು ಎಂಜಿನ್ ತಂಪಾಗಿಡುವ ಕೂಲೆಂಟ್. ಮಳೆ ಬಂದಾಗ ಅಥವಾ ತೊಳೆದಾಗ ಮಾತ್ರ ಒದ್ದೆಯಾದರೆ ಹೊರಗಿನ ನೀರು.

ಹೊರಗಿನ ನೀರಿನಲ್ಲಿ ನಮ್ಮೂರಿನ ವಿಶೇಷ ಒಂದಿದೆ. ನೆರಳು ಸಿಕ್ಕಿತೆಂದು ಎಲ್ಲರೂ ಮರದ ಕೆಳಗೇ ನಿಲ್ಲಿಸುತ್ತೇವೆ ಅಲ್ವಾ? ಫೆಬ್ರವರಿ, ಮಾರ್ಚ್‌ನಲ್ಲಿ ಟಬೆಬುಯಾ ಹೂವು ಸುರಿಯುತ್ತದೆ, ಆಮೇಲೆ ಗುಲ್‌ಮೊಹರ್‌ನ ಸಣ್ಣ ಸಣ್ಣ ಎಲೆ. ಫೋಟೋ ತೆಗೆಯೋಕೆ ಚೆಂದ. ಆದರೆ ಆ ಕಸವೆಲ್ಲ ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿಯೊಳಗೆ ಇಳಿಯುತ್ತದೆ. ಜಾಲರಿಯ ಕೆಳಗೊಂದು ತೊಟ್ಟಿ, ತೊಟ್ಟಿಯ ಎರಡು ತುದಿಯಲ್ಲಿ ನೀರು ಹೋಗುವ ತೂತು. ತೂತು ಕಟ್ಟಿಕೊಂಡರೆ ಏಪ್ರಿಲ್, ಮೇ ತಿಂಗಳ ಮೊದಲ ಜೋರು ಮಳೆಗೆ ತೊಟ್ಟಿ ತುಂಬಿ, ಗಾಡಿಯೊಳಗೆ ಗಾಳಿ ಬಿಡುವ ಬ್ಲೋವರ್ ಬಾಯಿಂದ ನೀರು ಸೀದಾ ಒಳಗೆ. ಜಾಲರಿ ಬಿಚ್ಚಿ ಕೈ ಹಾಕಿ ನೋಡಿ. ಮುಷ್ಟಿಗಟ್ಟಲೆ ಕಪ್ಪು ಗೊಬ್ಬರ ಬರುತ್ತದೆ, ಕೆಲವೊಮ್ಮೆ ಎರೆಹುಳ ಸಮೇತ. ಎಲ್ಲ ತೆಗೆದು ಒಂದು ಚೊಂಬು ನೀರು ಹುಯ್ಯಿರಿ. ಮುಂದಿನ ಚಕ್ರದ ಹಿಂದೆ ನೆಲಕ್ಕೆ ಸುರ್ರನೆ ಇಳಿಯಬೇಕು. ತೊಟ್ಟಿಕ್ಕುತ್ತಿದ್ದರೆ ಇನ್ನೂ ಕಸ ಇದೆ.

ಅಲ್ಲೂ ಸಿಗದಿದ್ದರೆ ಪೈಪ್ ಪರೀಕ್ಷೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಮೆಲ್ಲಗೆ ನೀರು ಬಿಡಬೇಕು. ಜೆಟ್ ಬೇಡ. ಕೆಳಗಿನಿಂದ ಶುರು ಮಾಡಿ: ಬಾಗಿಲ ಬುಡ, ಆಮೇಲೆ ಗಾಜಿನ ಸುತ್ತಲ ರಬ್ಬರ್ ಬೀಡಿಂಗ್, ಕೊನೆಗೆ ಛಾವಣಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಏನೂ ಗೊತ್ತಾಗಲ್ಲ. ಬೋರ್‌ವೆಲ್ ಅಥವಾ ಸಂಸ್ಕರಿಸಿದ ನೀರು ಬಳಸಿ. 2024ರ ಮಾರ್ಚ್‌ನ ಬರಗಾಲದಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಇಟ್ಟಿತ್ತು. ಪಕ್ಕದ ಮನೆಯವರು ಅದನ್ನು ಇನ್ನೂ ಮರೆತಿರಲ್ಲ.

ನೀರಿನ ದಾರಿ ಮುಚ್ಚಿದ ಮೇಲೆ ಒಣಗಿಸುವ ಕೆಲಸ. ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಡಿ. ಸೀಟಿನ ಕೆಳಗೆ ಹಳದಿ ಪ್ಲಗ್ ಇದ್ದರೆ ಅದು ಏರ್‌ಬ್ಯಾಗಿನದು, ತಿಳಿದವರ ಕೈಯಲ್ಲೇ ತೆಗೆಸಿ. ಸೀಟು ಹೊರಗೆ ಬಂದರೆ ಕಾರ್ಪೆಟ್ ಸುಲಭವಾಗಿ ಬರುತ್ತದೆ. ಟೆರೇಸ್ ಮೇಲೆ ಬಿಸಿಲಿಗೆ ಹಾಕಿ. ಸ್ಪಂಜನ್ನು ಹಿಂಡಿದಾಗ ಒಂದು ಹನಿಯೂ ಬರಬಾರದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಬಾಗಿಲು ತೆರೆದಿಟ್ಟರೆ ಒಣಗುತ್ತೆ ಅನ್ನುವುದು ಸುಮ್ನೆ ಸಮಾಧಾನ.

ಈಗ ತಗಡು. ಸ್ಕ್ರೂಡ್ರೈವರ್ ತೆಗೆದುಕೊಂಡು ಒತ್ತಿ ನೋಡಿ, ನಾಜೂಕು ಬೇಡ. ಕಪ್ಪು ಟಾರ್ ಹಾಳೆ ಅಂಟಿಸಿದ ಕಡೆ ತಟ್ಟಿ ನೋಡಿ. ಸದ್ದು ಬೇರೆ ಬಂದರೆ ಕಿತ್ತು ಅಡಿಯಲ್ಲಿ ನೋಡಿ. ಮೇಲ್ಮೈ ತುಕ್ಕು ಮಾತ್ರ ಇದ್ದರೆ ವೈರ್ ಬ್ರಷ್, ರಸ್ಟ್ ಕನ್ವರ್ಟರ್, ಎಪಾಕ್ಸಿ ಪ್ರೈಮರ್, ಆಮೇಲೆ ಪೇಂಟ್. ಒಂದು ಭಾನುವಾರ ಮನೆಯಲ್ಲೇ ಶುರು ಮಾಡಬಹುದಾದ ಕೆಲಸ. ಸ್ಕ್ರೂಡ್ರೈವರ್ ಒಳಗೆ ಹೋಯಿತೋ, ಟಿಂಕರಿಂಗ್ ಬೇಕೇ ಬೇಕು. ಸೀಟ್ ಬೋಲ್ಟ್ ಕೂರುವ ಜಾಗ, ಜಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ಇವು ತಿಂದುಹೋಗಿದ್ದರೆ ಗಾಡಿ ಇಟ್ಟುಕೊಳ್ಳಬೇಕೋ ಬೇಡವೋ ಅಂತಲೇ ಯೋಚಿಸಿ. 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಬೇಕು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಟಿಂಕರ್ ಹತ್ತಿರ ಮಾತು ಮೊದಲೇ ಸ್ಪಷ್ಟ ಇರಲಿ. ಎಷ್ಟಾಗುತ್ತೆ ಅಂತ ಮ್ಯಾಟ್ ತೆಗೆಯುವ ಮುಂಚೆಯೇ ಹೇಳುವವರನ್ನು ನಾನು ನಂಬಲ್ಲ. ಹಳೇ ತೂತಿನ ಮೇಲೆ ತಗಡು ಇಟ್ಟು ರಿವೆಟ್ ಹೊಡೆದು ಟಾರ್ ಬಳಿಯುವುದು ಕೆಲಸವಲ್ಲ. ಎರಡು ತಗಡಿನ ನಡುವೆ ನೀರು ಕೂರುತ್ತದೆ. ಹೊಳೆಯುವ ಗಟ್ಟಿ ತಗಡು ಸಿಗುವ ತನಕ ಕೊಯ್ದು, ಅದೇ ದಪ್ಪದ ತುಂಡು ಕೂರಿಸಿ, ಸಿಒಟು (CO2) ವೆಲ್ಡಿಂಗ್ ಮಾಡಿಸಿ. ಗ್ಯಾಸ್ ವೆಲ್ಡಿಂಗ್‌ನ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ. ಫ್ಲೋರ್ ಅಡಿಯಲ್ಲೇ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಹಾದುಹೋಗಿರುತ್ತವೆ. ಅವನ್ನು ಸರಿಸದೆ ಬೆಂಕಿ ಹಚ್ಚಲು ಬಿಡಬೇಡಿ. "ಅಣ್ಣಾ, ಕೊಯ್ದ ಮೇಲೆ, ವೆಲ್ಡಿಂಗ್‌ಗೆ ಮುಂಚೆ ಒಂದು ಫೋಟೋ ಕಳಿಸಿ" ಅಂದುಬಿಡಿ. ಒಳ್ಳೇ ಕೆಲಸಗಾರ ಬೇಜಾರು ಮಾಡಿಕೊಳ್ಳಲ್ಲ. ಜೋಡಣೆಗೆ ಬಾಡಿ ಸೀಲರ್, ಎರಡೂ ಕಡೆ ಪ್ರೈಮರ್, ಗಾಡಿಯ ಅಡಿಭಾಗಕ್ಕೆ ಕೋಟಿಂಗ್ ಕೊನೆಯಲ್ಲಿ. ಒದ್ದೆ ತುಕ್ಕಿನ ಮೇಲೆ ಕೋಟಿಂಗ್ ಬಳಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ.

ಬೀಡಿಂಗ್, ರಬ್ಬರ್ ಬುಷ್, ಫ್ಲೋರ್ ತೂತಿನ ಬಿರಡೆಗಳು ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹುಡುಕಿ, ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಲ್ಲೇ ಯಾರಾದರೂ 7ಡಿ ಮ್ಯಾಟ್ ಹಾಕಿಸಿ ಸಾರ್ ಅಂತ ಕರೆಯುತ್ತಾರೆ. ನೋಡೋಕೆ ಸೊಗಸು. ಆದರೆ ಮೂಲೆಯಿಂದ ಮೂಲೆಗೆ ಮುಚ್ಚಿಬಿಡುವುದರಿಂದ ಅದರಡಿ ನೀರು ಬಂದದ್ದು ತಿಂಗಳಾದರೂ ಗೊತ್ತಾಗಲ್ಲ. ಹಳೇ ಗಾಡಿಗೆ ಎತ್ತಿ ಕೊಡವಬಹುದಾದ ಬಿಡಿ ರಬ್ಬರ್ ಮ್ಯಾಟ್ ಸಾಕು.