ಕಿಬ್ಬೊಟ್ಟೆಗೆ ಬೆಚ್ಚನೆ ಶಾಖ: ಗಿಡಮೂಲಿಕೆ ಹಬೆಗಿಂತ ಒಳ್ಳೆಯ ದಾರಿಗಳು

ಗಿಡಮೂಲಿಕೆ ಹಾಕಿ ಕುದಿಸಿದ ನೀರಿನ ಪಾತ್ರೆ. ಅದರ ಮೇಲೆ ನಡುವೆ ತೂತಿರುವ ಪೀಠ. ಸೊಂಟದಿಂದ ಕೆಳಗೆ ಕಂಬಳಿ ಹೊದ್ದು ಅದರ ಮೇಲೆ ಕೂತರೆ, ಕೆಳಗಿನಿಂದ ಏಳುವ ಹಬೆ ಗುಪ್ತಾಂಗಕ್ಕೆ ತಾಕುತ್ತದೆ. ಈ ಪದ್ಧತಿ ಹೊಸದೇನಲ್ಲ. ಕೊರಿಯಾದಲ್ಲಿ ಇದನ್ನು ಜ್ವಾಹುನ್ ಎನ್ನುತ್ತಾರೆ. ನಮ್ಮ ಮಾಚಿಪತ್ರೆಯ ಹತ್ತಿರದ ನೆಂಟನಾದ ಒಂದು ಗಿಡವೇ ಅಲ್ಲಿ ಮುಖ್ಯ. ಇಂಡೊನೇಷ್ಯಾದಲ್ಲಿ ಪರಿಮಳದ ಬೇರು, ತೊಗಟೆಗಳ ಹೊಗೆ ಹಿಡಿಯುವ ರಾತುಸ್ ಎಂಬ ರೂಢಿ ಇದೆ. ಮಧ್ಯ ಅಮೆರಿಕದ ಮಾಯಾ ಸೂಲಗಿತ್ತಿಯರು ಬಾಹೋ ಎಂಬ ಹಬೆ ಕೊಡುತ್ತಾರೆ. ಆಯುರ್ವೇದದಲ್ಲಿ ಯೋನಿ ಧೂಪನ ಇದೆ. 2015ರಲ್ಲಿ ಹಾಲಿವುಡ್ ನಟಿ ಗ್ವಿನೆತ್ ಪಾಲ್ಟ್ರೊ ತಮ್ಮ ವೆಬ್‌ಸೈಟಿನಲ್ಲಿ ಇದನ್ನು ಹೊಗಳಿದ ಮೇಲೆ ಸ್ಪಾಗಳಲ್ಲೂ ಇದಕ್ಕೆ ಬೇಡಿಕೆ ಬಂತು.

ಮುಟ್ಟಿನ ನೋವು ಹೋಗುತ್ತದೆ, ಬಿಳಿ ಸೆರಗು ನಿಲ್ಲುತ್ತದೆ, ಗರ್ಭಕೋಶ ಶುದ್ಧವಾಗುತ್ತದೆ, ಮಕ್ಕಳಾಗುತ್ತವೆ. ಹೀಗೆ ಹೇಳುವವರು ಬಹಳ. ಇದರಲ್ಲಿ ಒಂದು ಮಾತ್ರ ಅರ್ಧ ನಿಜ. ಬಿಸಿ ತಾಕಿದರೆ ಮುಟ್ಟಿನ ನೋವು ಕಡಿಮೆಯಾಗುತ್ತದೆ. ಆದರೆ ಆ ಕೆಲಸ ಮಾಡುವುದು ಶಾಖ, ವಿಶ್ರಾಂತಿ ಮತ್ತು ಸಡಿಲವಾದ ಸ್ನಾಯುಗಳು. ಹಬೆ ಒಳಗೆ ಹೋಗುವುದರಿಂದ ಅಲ್ಲ. ಇದೊಂದು ಅರ್ಥವಾದರೆ, ಹಬೆಯ ಅಪಾಯವಿಲ್ಲದೆಯೇ ಅದರ ಸುಖವನ್ನೆಲ್ಲ ಪಡೆಯಬಹುದು. ಹೇಗೆ ಅನ್ನುವುದನ್ನು ಮುಂದೆ ಒಂದೊಂದಾಗಿ ಹೇಳುತ್ತೇನೆ.

ಹಬೆ ಯಾಕೆ ಬೇಡ?

ಯೋನಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತದೆ. ಅದು ಮಾಡುವ ಆಮ್ಲದಿಂದ ಒಳಗಿನ ಪಿಎಚ್ ಮಟ್ಟ ಸುಮಾರು 3.8ರಿಂದ 4.5ರವರೆಗೆ ಇರುತ್ತದೆ. ಈ ಹುಳಿ ವಾತಾವರಣದಲ್ಲಿ ಕೆಟ್ಟ ರೋಗಾಣುಗಳು ಬೆಳೆಯುವುದು ಕಷ್ಟ. ತೇವ ಮತ್ತು ಸೆಕೆ ಹೆಚ್ಚಾದರೆ ಯೀಸ್ಟ್ ಸೋಂಕಿಗೆ ಅನುಕೂಲ. ಇನ್ನು ಗರ್ಭಕೋಶದ ವಿಷಯ. ಅದರ ಬಾಯಿ ಸಾಮಾನ್ಯವಾಗಿ ಮುಚ್ಚಿದ ಹಾಗೇ ಇರುತ್ತದೆ. ಹಬೆ ಅಲ್ಲಿಗೆ ತಲುಪುವುದಿಲ್ಲ, ತಲುಪಬೇಕಾದ ಅಗತ್ಯವೂ ಇಲ್ಲ. ಪ್ರತಿ ತಿಂಗಳು ಒಳಪದರವನ್ನು ಹೊರಗೆ ಹಾಕುವ ಕೆಲಸವನ್ನು ಅದು ಯಾರ ಸಹಾಯವೂ ಇಲ್ಲದೆ ಮಾಡುತ್ತದೆ.

ದೊಡ್ಡ ಭಯ ಸುಡುವುದರದು. ಒಂದು ಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಶಾಖ ಸಾಕು. ಕುದಿಯುವ ಅದೇ ನೀರು ಹಬೆಯಾಗಬೇಕಾದರೆ ಇನ್ನೂ ಸುಮಾರು 540 ಕ್ಯಾಲೊರಿ ಬೇಕು. ಹಬೆ ಚರ್ಮಕ್ಕೆ ತಾಕಿ ಮತ್ತೆ ನೀರಾದಾಗ ಆ ಶಾಖವನ್ನೆಲ್ಲ ಚರ್ಮದ ಮೇಲೆಯೇ ಬಿಟ್ಟುಬಿಡುತ್ತದೆ. ಆ ಜಾಗದ ಚರ್ಮವೋ ತುಂಬಾ ತೆಳು. 2019ರಲ್ಲಿ ಕೆನಡಾದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇಂಥದ್ದೇ ಒಂದು ಪ್ರಕರಣ ವರದಿಯಾಯಿತು. 62 ವರ್ಷದ ಮಹಿಳೆಗೆ ಯೋನಿ ಕೆಳಗೆ ಜಾರುವ ತೊಂದರೆ ಇತ್ತು. ಶಸ್ತ್ರಚಿಕಿತ್ಸೆ ತಪ್ಪೀತು ಎಂಬ ಆಸೆಯಿಂದ ಅವರು ಎರಡು ದಿನ ಹಬೆಯ ಮೇಲೆ ಕೂತರು. ಎರಡನೇ ಹಂತದ ಸುಟ್ಟ ಗಾಯವಾಯಿತು. ಆಗಬೇಕಾಗಿದ್ದ ಶಸ್ತ್ರಚಿಕಿತ್ಸೆಯೂ ಮುಂದಕ್ಕೆ ಹೋಯಿತು. ಆಕೆ ಮಾಡಿದ್ದು ಮೂರ್ಖತನ ಅಂತ ನನಗೆ ಅನಿಸುವುದಿಲ್ಲ. ಆಪರೇಷನ್ ಅಂದರೆ ಯಾರಿಗೆ ತಾನೇ ಹೆದರಿಕೆ ಇರುವುದಿಲ್ಲ? ಜಾರಿದ ಅಂಗವನ್ನು ಹಬೆ ಮೇಲೆತ್ತುವುದಿಲ್ಲ ಅಂತ ಅವರಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು, ಅಷ್ಟೆ.

ಹಿರಿಯರ ಪದ್ಧತಿಯನ್ನೆಲ್ಲ ಬಿಟ್ಟುಬಿಡಬೇಕಾ ಅಂತ ಕೇಳಬಹುದು. ಬೇಕಿಲ್ಲ. ಚರಕ ಸಂಹಿತೆ ಹದಿಮೂರು ಬಗೆಯ ಬೆವರಿಸುವ ವಿಧಾನಗಳನ್ನು ಹೇಳುತ್ತದೆ. ವೃಷಣ, ಹೃದಯ, ಕಣ್ಣು ಇಂಥ ನಾಜೂಕಾದ ಅಂಗಗಳಿಗೆ ಬಹಳ ಮೃದುವಾಗಿ ಶಾಖ ಕೊಡಿ, ಇಲ್ಲವೇ ಕೊಡಲೇಬೇಡಿ ಎನ್ನುತ್ತದೆ. ತೊಡೆಸಂದಿಗೆ ಮಧ್ಯಮ ಶಾಖ ಸಾಕು ಎನ್ನುತ್ತದೆ. ಗರ್ಭಿಣಿಯರಿಗೂ ಮಧುಮೇಹ ಇರುವವರಿಗೂ ಬೆವರಿಸುವುದೇ ಬೇಡ ಎನ್ನುತ್ತದೆ. ಎಚ್ಚರ ಹೇಳಿದವರು ಆಗಲೂ ಇದ್ದರು, ಅಲ್ವಾ? ಆ ಹದಿಮೂರರಲ್ಲೇ ಅವಗಾಹ ಎಂಬುದೂ ಒಂದು. ಅಂದರೆ ಬೆಚ್ಚನೆಯ ದ್ರವ ತುಂಬಿದ ತೊಟ್ಟಿಯಲ್ಲಿ ಕೂರುವುದು. ಇವತ್ತು ಆಸ್ಪತ್ರೆಗಳಲ್ಲಿ ಸಿಟ್ಜ್ ಬಾತ್ ಅಂತ ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ.

ಬೆಚ್ಚನೆ ನೀರಲ್ಲಿ ಕೂರುವುದು

ಹಬೆಯ ಜಾಗದಲ್ಲಿ ನಾನು ಮೊದಲು ಹೇಳುವುದು ಇದನ್ನೇ. ಮೂಲವ್ಯಾಧಿ, ಮಲದ್ವಾರದ ಬಿರುಕು, ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ನೋವು, ಕೆಳಗಿನ ಸ್ನಾಯುಗಳ ಬಿಗಿತ ಎಲ್ಲದಕ್ಕೂ ಇದರಿಂದ ಆರಾಮ ಸಿಗುತ್ತದೆ.

1. ಆರಾಮವಾಗಿ ಕೂರುವಷ್ಟು ಅಗಲದ ಟಬ್ ತೆಗೆದುಕೊಳ್ಳಿ. ಕಮೋಡಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಬೋಗುಣಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮಂಡಿ ನೋವಿರುವವರಿಗೆ ಅದೇ ಒಳ್ಳೆಯದು. ಸೋಪು ಹಾಕಿ ತೊಳೆದು, ಸೋಪಿನ ಅಂಶ ಪೂರ್ತಿ ಹೋಗುವ ತನಕ ಜಾಲಿಸಿ. ಇದನ್ನು ಬೇರೆ ಯಾವ ಕೆಲಸಕ್ಕೂ, ಬೇರೆ ಯಾರಿಗೂ ಬಳಸಬೇಡಿ.

2. ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ. ಮೂರು ನಾಲ್ಕು ಇಂಚು ಎತ್ತರದ ನೀರು ಸಾಕು. ಬಿಸಿ 37ರಿಂದ 40 ಡಿಗ್ರಿಯೊಳಗೆ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈಯನ್ನು ನೀರಿಗೆ ಅದ್ದಿ ನೋಡಿ. ಹಿತವಾಗಿ ಬೆಚ್ಚಗಿರಬೇಕು, ಚುರುಗುಟ್ಟಬಾರದು. ಬೆರಳ ತುದಿಯನ್ನು ನಂಬಬೇಡಿ. ಅಡುಗೆ ಮಾಡಿ ಮಾಡಿ ಬೆರಳುಗಳು ಬಿಸಿಗೆ ಒಗ್ಗಿಹೋಗಿರುತ್ತವೆ.

3. ನೀರಿಗೆ ಏನನ್ನೂ ಹಾಕಬೇಡಿ. ಡೆಟಾಲ್ ಬೇಡ, ಸೋಪು ಬೇಡ, ಪರಿಮಳದ ಎಣ್ಣೆಯಂತೂ ಬೇಡವೇ ಬೇಡ. ಸಾರ ಇಳಿಸಿದ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ತೇಲುತ್ತಾ ಬಂದು ನೇರವಾಗಿ ಚರ್ಮಕ್ಕೆ ಅಂಟಿಕೊಂಡು ಉರಿ ತರುತ್ತದೆ.

4. ಹತ್ತರಿಂದ ಹದಿನೈದು ನಿಮಿಷ ಕೂತುಕೊಳ್ಳಿ. ಮೊಬೈಲು ದೂರ ಇರಲಿ.

5. ಏಳುವಾಗ ಏನಾದರೂ ಹಿಡಿದುಕೊಂಡು ನಿಧಾನವಾಗಿ ಏಳಿ. ಬಿಸಿಗೆ ರಕ್ತನಾಳಗಳು ಹಿಗ್ಗಿರುತ್ತವೆ, ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಸಡಿಲವಾದ ಹತ್ತಿಯ ಒಳಉಡುಪು ಹಾಕಿಕೊಳ್ಳಿ.

ಮೂಲವ್ಯಾಧಿ, ಬಿರುಕು ಇರುವವರು ದಿನಕ್ಕೆ ಎರಡು ಮೂರು ಸಲ ಕೂರಬಹುದು. ಮಲವಿಸರ್ಜನೆ ಆದ ಕೂಡಲೇ ಕೂತರೆ ಹೆಚ್ಚು ಹಿತ. ಹೆರಿಗೆಯಾದವರು, ಆಪರೇಷನ್ ಆದವರು ಯಾವಾಗ ಶುರು ಮಾಡಬೇಕೆಂದು ಡಾಕ್ಟರನ್ನು ಕೇಳಿಯೇ ಕೂರಬೇಕು.

ಕೂತಿರುವಾಗ ಮಾಡಬೇಕಾದದ್ದು ಒಂದಿದೆ. ಇದನ್ನು ಬಹಳ ಜನ ಹೇಳುವುದೇ ಇಲ್ಲ. ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ಮೂಗಿನಿಂದ ನಿಧಾನವಾಗಿ ಉಸಿರು ತೆಗೆದುಕೊಳ್ಳಿ, ಹೊಟ್ಟೆ ಮುಂದಕ್ಕೆ ಬರಲಿ. ಉಸಿರು ಒಳಗೆ ಬರುವಾಗ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ. ಅದರ ಜೊತೆಗೆ ಮೂತ್ರಕೋಶ, ಗರ್ಭಕೋಶಗಳನ್ನು ತಳದಲ್ಲಿ ಹೊತ್ತಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳೂ ಸ್ವಲ್ಪ ಕೆಳಗಿಳಿದು ಸಡಿಲವಾಗುತ್ತವೆ. ಉಸಿರು ಬಿಡುವಾಗ ತಾವಾಗಿಯೇ ಮೇಲೆ ಬರುತ್ತವೆ. ನೀವು ತಿಣುಕಬೇಡಿ, ಹಿಂಡಬೇಡಿ, ಸುಮ್ನೆ ಬಿಟ್ಟುಬಿಡಿ. ದವಡೆ, ಭುಜಗಳನ್ನೂ ಸಡಿಲ ಬಿಡಿ. ಹಬೆ ಹಿಡಿದು ಎದ್ದವರು ‘ಹಗುರ ಆಯ್ತು’ ಅನ್ನುವುದಕ್ಕೆ ದೊಡ್ಡ ಕಾರಣ ಈ ಸಡಿಲಿಕೆಯೇ ಇರಬೇಕು ಎಂಬುದು ನನ್ನ ನಂಬಿಕೆ. ಯಾರೂ ಕರೆಯದ, ಯಾವ ಕೆಲಸವೂ ಇಲ್ಲದ ಕಾಲು ಗಂಟೆ ಎಷ್ಟೋ ಹೆಂಗಸರಿಗೆ ಸಿಗುವುದೇ ಇಲ್ಲ. ಅದನ್ನು ಪಡೆಯಲು ಸುಡುವ ಹಬೆ ಯಾಕೆ ಬೇಕು?

ಸೊಪ್ಪಿನ ನೀರಿನ ಬಟ್ಟೆ ಶಾಖ

ಗಿಡಮೂಲಿಕೆ ಬೇಕೇ ಬೇಕು ಅನ್ನುವವರು ಅದನ್ನು ಹೊಟ್ಟೆಯ ಮೇಲೆ ಬಳಸಲಿ. ಕಿಬ್ಬೊಟ್ಟೆಯ ಚರ್ಮ ಗಟ್ಟಿ, ಬಿಸಿಯನ್ನು ತಡೆಯುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೂ ಕೂಡಲೇ ಕಣ್ಣಿಗೆ ಕಾಣುತ್ತದೆ.

ಒಂದು ಲೀಟರ್ ನೀರನ್ನು ಕುದಿಸಿ ಒಲೆ ಆರಿಸಿ. ಚೆನ್ನಾಗಿ ತೊಳೆದ ಒಂದು ಹಿಡಿ ತುಳಸಿ, ರೋಸ್‌ಮೇರಿ ಅಥವಾ ಲ್ಯಾವೆಂಡರ್ ಹಾಕಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ. ಸೋಸಿ. ಕೈ ಅದ್ದಿದರೆ ತಡೆದುಕೊಳ್ಳುವಷ್ಟು ಆರುವ ತನಕ ಕಾಯಿರಿ. ಈ ಕಾಯುವ ಹೊತ್ತನ್ನು ಮಾತ್ರ ತಪ್ಪಿಸಬೇಡಿ. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ದೊಡ್ಡವರ ಚರ್ಮವನ್ನೂ ಸುಡುತ್ತದೆ.

ಹತ್ತಿಯ ಟವೆಲನ್ನು ಆ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ. ಬೆನ್ನ ಮೇಲೆ ಮಲಗಿ, ಮಂಡಿ ಕೆಳಗೊಂದು ದಿಂಬು ಇಟ್ಟುಕೊಳ್ಳಿ. ಹೊಕ್ಕುಳಿನ ಕೆಳಗೆ ತೆಳುವಾದ ಒಣ ಬಟ್ಟೆ ಹಾಸಿ, ಅದರ ಮೇಲೆ ಒದ್ದೆ ಟವೆಲು, ಅದರ ಮೇಲೆ ಇನ್ನೊಂದು ಒಣ ಟವೆಲು. ಐದಾರು ನಿಮಿಷದಲ್ಲಿ ಬಿಸಿ ಇಳಿಯುತ್ತದೆ, ಆಗ ಮತ್ತೆ ಅದ್ದಿ ಹಿಂಡಿ ಹಾಕಿ. ಒಟ್ಟು ಇಪ್ಪತ್ತು ನಿಮಿಷ ಸಾಕು. ಸೊಂಟ ನೋವಿದ್ದರೆ ಮಗ್ಗುಲಾಗಿ ಅಲ್ಲಿಗೂ ಹಾಕಿಸಿಕೊಳ್ಳಬಹುದು.

ಹೊಸ ಸೊಪ್ಪಾದರೆ ಹಿಂದಿನ ದಿನವೇ ಆ ನೀರನ್ನು ತೋಳಿನ ಒಳಭಾಗಕ್ಕೆ ಹಚ್ಚಿ ನೋಡಿ. ಕೆಂಪಾದರೆ, ತುರಿಕೆ ಬಂದರೆ ಬಿಟ್ಟುಬಿಡಿ. ಮಾಚಿಪತ್ರೆ, ಕ್ಯಾಮೊಮೈಲ್, ಸೇವಂತಿಗೆ, ಚೆಂಡುಹೂವು ಎಲ್ಲ ಒಂದೇ ಕುಟುಂಬದ ಗಿಡಗಳು. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದಕ್ಕೂ ಆಗಬಹುದು. ಸೊಪ್ಪಿನ ನೀರನ್ನು ಯೋನಿಯೊಳಗೆ ಹಾಕಿ ತೊಳೆಯುವುದು ಯಾವ ಕಾರಣಕ್ಕೂ ಬೇಡ.

ಪರಿಮಳವಷ್ಟೇ ಬೇಕಾದರೆ ಇನ್ನೂ ಸುಲಭ. ಅದೇ ಬಿಸಿ ಕಷಾಯದ ಪಾತ್ರೆಯನ್ನು ಕೋಣೆಯ ಒಂದು ಮೂಲೆಯಲ್ಲಿ, ಕಾಲಿಗೆ ತಾಗದ ಹಾಗೆ ಇಡಿ. ನೀವು ಟಬ್ಬಿನಲ್ಲಿ ಕೂತಿರಿ. ವಾಸನೆ ಸಿಗಬೇಕಾದದ್ದು ಮೂಗಿಗೆ ತಾನೇ?

ಬಿಸಿನೀರಿನ ಚೀಲ

ಮುಟ್ಟಿನ ನೋವಿಗೆ ಇದಕ್ಕಿಂತ ಸರಳವಾದದ್ದು ಇಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 39 ಡಿಗ್ರಿ ಬಿಸಿಯ ಪಟ್ಟಿಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡವರಿಗೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯಷ್ಟೇ ಆರಾಮ ಸಿಕ್ಕಿತು. ಗಮನಿಸಿ, 39 ಡಿಗ್ರಿ. ಜ್ವರ ಬಂದ ಮೈಯ ಬಿಸಿಯಷ್ಟು. ಜಾಸ್ತಿ ಬಿಸಿ ಅಂದರೆ ಜಾಸ್ತಿ ಗುಣ ಎಂಬುದು ಸುಳ್ಳು.

ಚೀಲಕ್ಕೆ ಕುದಿಯುವ ನೀರು ಬೇಡ, ಬಿಸಿನೀರು ಸಾಕು. ಮೂರನೇ ಎರಡು ಭಾಗ ತುಂಬಿಸಿ, ಗಾಳಿ ಹೊರಗೆ ಹಾಕಿ ಬಿರಡೆ ಬಿಗಿ ಮಾಡಿ, ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ. ಇಟ್ಟುಕೊಂಡೇ ನಿದ್ದೆ ಹೋಗಬೇಡಿ. ದಿನವೂ ಗಂಟೆಗಟ್ಟಲೆ ಒಂದೇ ಜಾಗಕ್ಕೆ ಶಾಖ ಕೊಟ್ಟರೆ ಚರ್ಮದ ಮೇಲೆ ಬಲೆಯಂತೆ ಕಂದು ಗೆರೆಗಳು ಮೂಡುತ್ತವೆ. ಅವು ಕಂಡರೆ ಶಾಖ ನಿಲ್ಲಿಸಿ.

ಯಾರಿಗೆ ಬೇಡ?

ಗರ್ಭಿಣಿಯರು, ಗರ್ಭ ನಿಂತಿರಬಹುದು ಎಂಬ ಅನುಮಾನ ಇರುವವರು ಇದ್ಯಾವುದನ್ನೂ ಡಾಕ್ಟರನ್ನು ಕೇಳದೆ ಮಾಡಬಾರದು. ಜ್ವರ, ತೆರೆದ ಗಾಯ, ಸೋಂಕು ಇರುವವರಿಗೂ ಅದೇ ಮಾತು. ಮಧುಮೇಹದಿಂದ ಚರ್ಮ ಜೋಮು ಹಿಡಿದವರಿಗೆ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಅವರು ಬಿಸಿಯನ್ನು ಬೇರೆಯವರ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು.

ಇಷ್ಟು ಓದಿಯೂ ಯಾರಾದರೂ ಹಬೆಯನ್ನೇ ಹಿಡಿದು ಸುಟ್ಟುಕೊಂಡರೆ, ಆ ಜಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಐಸು, ಟೂತ್‌ಪೇಸ್ಟು, ಎಣ್ಣೆ ಯಾವುದೂ ಬೇಡ. ಗುಳ್ಳೆ ಬಂದರೂ ಬರದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಚಿಕೆಪಟ್ಟು ಮುಚ್ಚಿಟ್ಟರೆ ಗಾಯ ಕೀವಾಗಬಹುದು.

ಶಾಖಕ್ಕೆ ಬಗ್ಗದ ನೋವುಗಳೂ ಇವೆ. ಪ್ರತಿ ತಿಂಗಳು ಮುಟ್ಟಿನ ನೋವಿಗೆ ಕೆಲಸ ಬಿಟ್ಟು ಮಲಗುವಂತಾದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಅಥವಾ ಗರ್ಭಕೋಶದ ಗಡ್ಡೆ ಇರಬಹುದು. ಬಿಳಿ ಸೆರಗು ಕೆಟ್ಟ ವಾಸನೆ ಬಂದರೆ, ಹಸಿರು ಬಣ್ಣಕ್ಕೆ ತಿರುಗಿದರೆ, ಮೊಸರು ಒಡೆದ ಹಾಗಿದ್ದು ತುರಿಕೆಯಾದರೆ ಅದಕ್ಕೆ ಬೇರೆ ಔಷಧಿಯೇ ಬೇಕು. ಜ್ವರದ ಜೊತೆ ಕಿಬ್ಬೊಟ್ಟೆ ನೋವು, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ಸಂಭೋಗದ ನಂತರ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡಬೇಡಿ.

ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಒಳಗೆ ತೊಳೆದುಕೊಳ್ಳಬೇಡಿ, ಕ್ರೀಮು ಹಚ್ಚಬೇಡಿ. ಹಾಗೆ ಮಾಡಿದರೆ ಪರೀಕ್ಷೆಗೆ ತೆಗೆಯುವ ಸ್ರಾವದಲ್ಲಿ ಸೋಂಕು ಸರಿಯಾಗಿ ಗೊತ್ತಾಗುವುದಿಲ್ಲ. ಕೊನೆಯ ಸಲ ಮುಟ್ಟಾದ ತಾರೀಕು ಬರೆದುಕೊಂಡು ಹೋಗಿ. ಮನೆಯಲ್ಲಿ ಹಬೆ, ಸೊಪ್ಪು, ಪುಡಿ ಏನೇ ಬಳಸಿದ್ದರೂ ಅದರ ಹೆಸರು ಸಮೇತ ಡಾಕ್ಟರಿಗೆ ಹೇಳಿ.