ಲೈಬ್ರರಿ ಪೀರಿಯಡ್ಡಿನಲ್ಲಿ ಕನ್ನಂಬಾಡಿ ಕಟ್ಟೆ

ಜೂನ್ ಬಂತೆಂದರೆ ಮಂಡ್ಯ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕಟ್ಟೆಗೆ, ಅಂದರೆ ಕೆಆರ್‌ಎಸ್ ಜಲಾಶಯಕ್ಕೆ, ಎಷ್ಟು ನೀರು ಬಂತು? ಪತ್ರಿಕೆಯ ಒಳಪುಟದಲ್ಲಿ ಅದಕ್ಕೊಂದು ಪುಟ್ಟ ಪಟ್ಟಿ ಇರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ನಮ್ಮ ಪ್ರಾಥಮಿಕ ಶಾಲೆಯ ಲೈಬ್ರರಿಯಲ್ಲಿ ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ವರ್ಷದ ಮೊದಲ ಓದು ಇದೇ. ನಾಲ್ಕೈದು ಸಾಲು, ಏಳೆಂಟು ಕಷ್ಟದ ಪದ, ಅಷ್ಟೇ. ದಪ್ಪ ಪುಸ್ತಕ ಕಂಡರೆ ಹಿಂದೆ ಸರಿಯುವ ಮಗುವೂ ಇದನ್ನು ಓದಿ ಮುಗಿಸುತ್ತದೆ, ಏಕೆಂದರೆ ಅದರ ಅರ್ಧ ಮಾತು ಮನೆಯಲ್ಲಿ ಆಗಲೇ ಕಿವಿಗೆ ಬಿದ್ದಿರುತ್ತದೆ.

ಪುಸ್ತಕ ಒಂದು ಕಡೆ, ಪ್ರಯೋಗ ಇನ್ನೊಂದು ಕಡೆ ನಡೆದರೆ ಅದಕ್ಕೆ ಲೈಬ್ರರಿಯೇ ಬೇಕಿಲ್ಲ. ನಾನು ಹಿಡಿದಿರುವ ಕ್ರಮ ಹೀಗೆ: ಓದುವುದು, ಪ್ರಶ್ನೆ ಹುಟ್ಟುವ ಜಾಗದಲ್ಲಿ ನಿಲ್ಲಿಸುವುದು, ಕೈಯಾರೆ ಮಾಡುವುದು, ಆಮೇಲೆ ಅದೇ ಸಾಲನ್ನು ಮತ್ತೆ ಓದುವುದು. 40 ನಿಮಿಷದಲ್ಲಿ ಓದಿಗೆ 12, ಕೆಲಸಕ್ಕೆ 20, ಮರುಓದಿಗೆ 8. ಕೆಲಸ ಲಂಬಿಸಿದಾಗ ಮೊದಲು ಹೋಗುವುದು ಆ ಕೊನೆಯ 8 ನಿಮಿಷ. ಅದನ್ನು ಮಾತ್ರ ಬಿಡಬಾರದು. ಕೈಕೆಲಸ ಅರ್ಧಕ್ಕೇ ನಿಂತರೂ ಸರಿ, ಪತ್ರಿಕೆ ಮತ್ತೆ ಕೈಗೆ ಬರಬೇಕು.

ಪದಗಳ ಕೆಲಸ ಮೊದಲು. ಒಳಹರಿವು, ಹೊರಹರಿವು, ಗರಿಷ್ಠ, ಜಲಾಶಯ, ಸಂಗ್ರಹ ಇವನ್ನು ರಟ್ಟಿನ ಚೀಟಿಯಲ್ಲಿ ಬರೆದಿಡುತ್ತೇನೆ. ‘ಗರಿಷ್ಠ’ದ ಅರ್ಥ ಹೇಳಿಕೊಡುವ ಬದಲು ‘ತುಂಬಿದಾಗ 124.80’ ಎಂದು ಚೀಟಿಯ ಹಿಂದೆ ಬರೆದರೆ ಸಾಕು, ಹಿಡಿದುಕೊಳ್ಳುತ್ತಾರೆ. ಅಂಕಿಯಲ್ಲಿ ಒಂದು ತಪ್ಪು ವರ್ಷವೂ ಬರುತ್ತದೆ. 98.50 ಅಡಿ ಅಂದರೆ 98 ಅಡಿ 50 ಇಂಚು ಎಂದು ಓದುತ್ತಾರೆ. 12 ಇಂಚಿಗೇ ಒಂದು ಅಡಿ ಮುಗಿಯುತ್ತದಲ್ಲ ಎಂದು ಸ್ಕೇಲು ಕೈಗೆ ಕೊಟ್ಟು, ಅರ್ಧ ಅಡಿಗೆ ಬೆರಳಿಡಿಸಬೇಕು. ಬೆರಳು 6 ಇಂಚಿನ ಮೇಲೆ ನಿಂತ ಮೇಲೆ ಆ ತಪ್ಪು ಮತ್ತೆ ಬರುವುದು ಕಡಿಮೆ.

ಇನ್ನು ಕ್ಯೂಸೆಕ್. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಡಬ್ಬವನ್ನೇ ಕಟ್ಟಿಸಬೇಕು. ದಿನಸಿ ಅಂಗಡಿಯಿಂದ ತಂದ ರಟ್ಟಿನಲ್ಲಿ 12 ಇಂಚಿನ ಐದು ಚೌಕ, ಅಂಚಿಗೆ ಅಗಲದ ಬ್ರೌನ್ ಟೇಪು. ಚೌಕ ಸೊಟ್ಟಗಾಗುವುದಕ್ಕೆ ಕಾರಣ ಎರಡು. ಸ್ಕೇಲಿನ ಸೊನ್ನೆ ಅದರ ತುದಿಯಲ್ಲಿರುವುದಿಲ್ಲ, ಒಂದಿಷ್ಟು ಒಳಗಿರುತ್ತದೆ. ಮಕ್ಕಳು ತುದಿಯಿಂದಲೇ ಅಳೆಯುತ್ತಾರೆ. ಇಲ್ಲವೇ ಇಂಚಿನ ಬದಿ ಬಿಟ್ಟು ಸೆಂಟಿಮೀಟರಿನ 30ಕ್ಕೆ ಗೆರೆ ಎಳೆಯುತ್ತಾರೆ. ಬೇಕಾದ್ದು 30.5. ಡಬ್ಬ ಮುಗಿದ ಮೇಲೆ ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಬಿಂದಿಗೆ ಇಡಿ. ಘನ ಅಡಿಗೆ 28.3 ಲೀಟರು, ಬಿಂದಿಗೆಗೆ ಸುಮಾರು 14. ಆಮೇಲೆ ಸೆಕೆಂಡಿಗೊಂದು ಚಪ್ಪಾಳೆ, ಚಪ್ಪಾಳೆಗೆ ಎರಡು ಬಿಂದಿಗೆ. ಈಗ ‘ಒಳಹರಿವು 5,000 ಕ್ಯೂಸೆಕ್’ ಎಂದು ಮತ್ತೆ ಓದಿಸಿದರೆ ಓದುವ ದನಿಯೇ ಬೇರೆಯಾಗುತ್ತದೆ. ಒಂದು ಚಪ್ಪಾಳೆಗೆ ಹತ್ತು ಸಾವಿರ ಬಿಂದಿಗೆ!

ಐದನೇ ತರಗತಿಯಲ್ಲಿ ಗುಣಾಕಾರ ಚೆನ್ನಾಗಿ ಬರುವವರಿಗೆ ಇನ್ನೊಂದು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. 11,574 ಕ್ಯೂಸೆಕ್‌ನಂತೆ ಒಂದು ದಿನ ಪೂರ್ತಿ ಹರಿದರೆ 99,99,93,600 ಘನ ಅಡಿ, ನೂರು ಕೋಟಿಗೆ ಬರೀ 6,400 ಕಡಿಮೆ. ಉತ್ತರ ತಾವೇ ಕಂಡುಕೊಂಡವರಿಗೆ ಟಿಎಂಸಿ ಎಂಬ ಪದ ಮತ್ತೆ ಮರೆಯುವುದಿಲ್ಲ.

ಮಟ್ಟ ಅರ್ಧ ಇದ್ದರೆ ನೀರೂ ಅರ್ಧ ಇದೆಯೇ? ಇದು ಪಟ್ಟಿಯಲ್ಲಿ ಅಡಗಿರುವ ನಿಜವಾದ ಪ್ರಶ್ನೆ, ದೊಡ್ಡವರೂ ಎಡವುವ ಜಾಗ. 2 ಲೀಟರಿನ ತಂಪುಪಾನೀಯದ ಬಾಟಲಿಯ ಮೇಲ್ಭಾಗ ಕತ್ತರಿಸಿ (ಕತ್ತರಿಸುವುದು ನಾವು, ಮಕ್ಕಳಲ್ಲ, ಅಂಚಿಗೆ ಟೇಪು ಸುತ್ತಬೇಕು), ಮುಚ್ಚಳ ಬಿಗಿದು, ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿ. ಬಟ್ಟೆಗೆ ಹಾಕುವ ನೀಲಿ ಎರಡು ಹನಿ ಬೆರೆಸಿದ ನೀರನ್ನು ಒಂದೇ ಅಳತೆಯ ಪೇಪರ್ ಟೀ ಕಪ್ಪಿನಲ್ಲಿ ಒಂದೊಂದಾಗಿ ಸುರಿದು, ಪ್ರತಿ ಸಲ ಎತ್ತರ ಬರೆಯಿಸಿ. ಮೊದಲ ಕಪ್ಪಿಗೆ ನಾಲ್ಕೈದು ಸೆಂಟಿಮೀಟರು ಏರುವ ನೀರು ಐದನೇ ಕಪ್ಪಿಗೆ ಒಂದರ ಆಸುಪಾಸಿಗೆ ಇಳಿಯುತ್ತದೆ. ಸ್ಕೇಲನ್ನು ಬಾಟಲಿಯ ಓರೆಗೆ ಒರಗಿಸಿ ಅಳೆದರೆ ಲೆಕ್ಕ ಕೆಡುತ್ತದೆ. ನೆಟ್ಟಗೆ ನಿಲ್ಲಿಸಬೇಕು, ಕಣ್ಣು ನೀರಿನ ಮಟ್ಟಕ್ಕೆ ಬರಬೇಕು. ಕಟ್ಟೆಯೂ ಹೀಗೆಯೇ, ತಳದಲ್ಲಿ ಇಕ್ಕಟ್ಟು, ಮೇಲೆ ಅಗಲ. 124.80 ಅಡಿಗೆ 49.452 ಟಿಎಂಸಿ ಹಿಡಿಯುತ್ತದೆ. ಕೊನೆಯ ಹತ್ತು ಅಡಿಯಲ್ಲಿ ನಿಲ್ಲುವ ನೀರು ಕೆಳಗಿನ ಹತ್ತು ಅಡಿಗಿಂತ ಎಷ್ಟೋ ಹೆಚ್ಚು. ತುಂಬುವ ಹೊತ್ತಿಗೆ ಮಟ್ಟ ಯಾಕೆ ನಿಧಾನವಾಗಿ ಏರುತ್ತದೆ ಎಂದು ಆಮೇಲೆ ಮಕ್ಕಳೇ ಮನೆಯಲ್ಲಿ ವಿವರಿಸುತ್ತಾರೆ.

ನೀರಿನ ಕೆಲಸವೆಲ್ಲ ಜಗಲಿಯಲ್ಲಿ. ಕಪಾಟಿನ ಹತ್ತಿರ ಒಂದು ಲೋಟ ನೀರೂ ಬೇಡ. ಒದ್ದೆ ಕೈ ಒರೆಸಲು ಹಳೆ ಪಂಚೆಯ ತುಂಡು ಬಾಗಿಲಲ್ಲೇ ತೂಗುಹಾಕಿರಲಿ.

ಎರಡು, ಮೂರನೇ ತರಗತಿಗೆ ಈ ಪಟ್ಟಿ ಭಾರ. ಅವರಿಗೆ ನದಿ ದಾಟುವ ಯಾವುದಾದರೂ ಚಿತ್ರಕಥೆ ಓದಿ, ದೋಣಿ ನೀರಿಗಿಳಿಯುವ ಪುಟದಲ್ಲಿ ಪುಸ್ತಕ ಮುಚ್ಚುತ್ತೇನೆ. 10 ಸೆಂಟಿಮೀಟರಿನ ಚೌಕದ ಅಲ್ಯೂಮಿನಿಯಂ ಫಾಯಿಲ್, ಒಂದು ಟಬ್ಬು, ಬೊಗಸೆ ಹುಣಸೆಬೀಜ. ಸಂಗಮದಲ್ಲೋ ತಲಕಾಡಿನಲ್ಲೋ ತೆಪ್ಪ ಕಂಡವರು ಅಗಲ ತಳ, ಗಿಡ್ಡ ಅಂಚು ಮಾಡುತ್ತಾರೆ. ಬೀಜವನ್ನು ಹತ್ತರ ಗುಂಪಾಗಿ ಎಣಿಸಿ ಇಡಬೇಕು. ಒಂದೇ ಬದಿಗೆ ಸುರಿದರೆ ಮಗುಚುತ್ತದೆ. ಗೋಲಿ ಬೇಡ, ಉರುಳಿ ಮೂಲೆ ಸೇರುತ್ತದೆ. ಫಾಯಿಲನ್ನು ಉಂಡೆ ಮಾಡಿದರೆ ಮುಳುಗಬೇಕು, ಆದರೆ ಕೈಯಲ್ಲಿ ಉಂಡೆ ಕಟ್ಟಿದರೆ ಒಳಗೆ ಗಾಳಿ ಉಳಿದು ತೇಲುತ್ತದೆ. ಗುಂಡುಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ ಮಡಿಸಿ ಮತ್ತೆ ಜಜ್ಜಿದರೆ ಮುಳುಗುತ್ತದೆ. ಇದನ್ನು ಮೊದಲೇ ಮಾಡಿ ನೋಡಿಕೊಳ್ಳದಿದ್ದರೆ ಮಕ್ಕಳೆದುರು ಪಾಠ ತಿರುವುಮುರುವಾಗುತ್ತದೆ.

ಕಟ್ಟೆಯ ಮಟ್ಟವನ್ನು ದಿನಾ ಚುಕ್ಕೆಯಿಟ್ಟು ಗುರುತಿಸುವ ನಕ್ಷೆಗೆ 22 ಇಂಚು ಅಗಲ, 28 ಇಂಚು ಎತ್ತರದ ಚಾರ್ಟ್ ಶೀಟು, ತಿಂಗಳಿಗೊಂದು. ಎತ್ತರದಲ್ಲಿ ಒಂದು ಸೆಂಟಿಮೀಟರಿಗೆ ಒಂದು ಅಡಿ, ಅಗಲದಲ್ಲಿ ದಿನಕ್ಕೆ ಒಂದೂವರೆ ಸೆಂಟಿಮೀಟರು. ಸೊನ್ನೆಯಿಂದ ಶುರುಮಾಡಿದರೆ ಹಾಳೆ ಸಾಲುವುದಿಲ್ಲ, ಕುಗ್ಗಿಸಿದರೆ ಗೆರೆ ಏರಿದ್ದೇ ಕಾಣುವುದಿಲ್ಲ. ಹಾಗಾಗಿ 74 ಅಡಿಯಿಂದ ಶುರು, ಕೆಳಗೆ ಅಂಕುಡೊಂಕು ಗೆರೆ ಎಳೆದು ‘ಇದರ ಕೆಳಗೂ ನೀರಿದೆ’ ಎಂದು ಬರೆಯಿಸುತ್ತೇನೆ. ರಜೆ ದಿನದ ಚುಕ್ಕೆ ಬಿಟ್ಟುಹೋದರೆ ಊಹಿಸಿ ತುಂಬಿಸುವುದು ಬೇಡ. ಪಂಚಾಯಿತಿ ಲೈಬ್ರರಿಗೆ ಹೋಗಿ ಆ ದಿನದ ಪತ್ರಿಕೆ ಹುಡುಕಿ ಓದಿಕೊಂಡು ಬರಲಿ.

ಹಳೆಯ ಚಾರ್ಟುಗಳನ್ನು ಸುರುಳಿ ಸುತ್ತಿ ಇಟ್ಟುಕೊಳ್ಳಿ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ, 2024ರಲ್ಲಿ ಜುಲೈಗೆ ತುಂಬಿತು, 2025ರಲ್ಲಿ ಜೂನ್ ಮುಗಿಯುವ ಮೊದಲೇ. ಮೂರು ವರ್ಷದ್ದನ್ನೂ ಗೋಡೆಗೆ ಸಾಲಾಗಿ ಅಂಟಿಸಿದರೆ ಮಕ್ಕಳು ಮಳೆ, ಕೊಡಗು, ಮೋಡ ಎಂದು ಪುಸ್ತಕ ಕೇಳಿಕೊಂಡು ಬರುತ್ತಾರೆ. ಅದಕ್ಕೆ ಮೂರಕ್ಕೂ ಅಳತೆ ಒಂದೇ ಇರಬೇಕು, 74ರ ಗೆರೆ ಮೂರರಲ್ಲೂ ಒಂದೇ ಎತ್ತರಕ್ಕೆ ಕೂರಬೇಕು.