ಪ್ರತಿದಾವೆ ಬರೆಯುವಾಗ ನಾನು ಹೀಟ್ ನಂಬರಿನಿಂದ ಶುರುಮಾಡಿದೆ

ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ಸಣ್ಣ ಕಾರ್ಖಾನೆಯವರ ವಾಣಿಜ್ಯ ದಾವೆಗಳನ್ನು ನಡೆಸುವ ನನಗೆ ಪದೇಪದೇ ಎದುರಾಗುವುದು ಒಂದೇ ಬಗೆಯ ಕೌಂಟರ್ ಕ್ಲೇಮ್, ಅಂದರೆ ದಾವೆ ಹೂಡಿದ ವಾದಿಯ ಮೇಲೆಯೇ ಪ್ರತಿವಾದಿ ತರುವ ಪ್ರತಿದಾವೆ. ದಾವೆಗೆ ಪ್ರತಿವಾದಿ ಕೊಡುವ ಉತ್ತರವಾದ ಲಿಖಿತ ಹೇಳಿಕೆಯ ಕೊನೆಯಲ್ಲಿ, "ವಾದಿಯ ಕಳಪೆ ಮಾಲಿನಿಂದ ನಮಗೇ ಇಷ್ಟು ಲಕ್ಷ ನಷ್ಟವಾಗಿದೆ, ಕೊಡಿಸಬೇಕು" ಎಂದು ಎರಡು ಸಾಲು. ಅದು ನಿಲ್ಲುವುದಿಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 8, ರೂಲ್ 6ಎ ಪ್ರಕಾರ ಪ್ರತಿದಾವೆ ಎಂದರೆ ವಾದಪತ್ರವೇ, ದಾವೆ ಹೂಡುವಾಗ ಸಲ್ಲಿಸುವ ಪತ್ರವಿದ್ದಂತೆ. ಲಿಖಿತ ಹೇಳಿಕೆಯನ್ನು ಕೈಯಿಂದ ಮುಚ್ಚಿ ಪ್ರತಿದಾವೆಯನ್ನಷ್ಟೇ ಓದಿದರೂ ನ್ಯಾಯಾಧೀಶರಿಗೆ ಇಡೀ ವ್ಯವಹಾರ ಅರ್ಥವಾಗಬೇಕು.

ನಾನು ಹೇಳಹೊರಟಿರುವ ಪ್ರಕರಣ ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ್ದು. ಕಕ್ಷಿದಾರರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಫೌಂಡ್ರಿಯಿಂದ (ಲೋಹದ ಎರಕ ಹೊಯ್ಯುವ ಕಾರ್ಖಾನೆಯಿಂದ) ಕಾಸ್ಟಿಂಗ್, ಅಂದರೆ ಎರಕದ ತುಂಡು ತರಿಸಿ, ಸಿಎನ್‌ಸಿ ಎಂಬ ಕಂಪ್ಯೂಟರ್ ಚಾಲಿತ ಯಂತ್ರದ ಮೇಲೆ ಕೊರೆದು, ವಾಹನ ಬಿಡಿಭಾಗದ ಕಂಪನಿಗೆ ಕೊಡುತ್ತಾರೆ. ಬಿಲ್ ಬಾಕಿಗಾಗಿ ಫೌಂಡ್ರಿಯವರು ದಾವೆ ಹೂಡಿದ್ದರು. ಮೊತ್ತ 3 ಲಕ್ಷಕ್ಕಿಂತ ಹೆಚ್ಚಿದ್ದು, ಸರಕು ಮಾರಾಟದ ಒಪ್ಪಂದವಾದ್ದರಿಂದ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಅಡಿ ಬಂತು.

"ಮಾಲ್ ಕೆಟ್ಟಿತ್ರೀ ವಕೀಲ್ರ, ಕೆಟ್ಟ ಮಾಲಿಗೆ ರೊಕ್ಕ ಯಾಕ ಕೊಡ್ಬೇಕು?" ಅಂದರು ಕಕ್ಷಿದಾರರು.

"ಯಾವ ಮಾಲು, ಯಾವ ಚಲನ್ನು, ಯಾವಾಗ ಗೊತ್ತಾತು? ಅದನ್ನ ಹೇಳ್ರಿ ಅಣ್ಣಾರ."

ಉತ್ತರ ಅವರ ಬಾಯಲ್ಲಿರಲಿಲ್ಲ, ಶಾಪ್‌ನ ರಿಜೆಕ್ಷನ್ ರಿಜಿಸ್ಟರಿನಲ್ಲಿತ್ತು. ಅವರು ತರಿಸಿದ ಪ್ರತಿ ಕಾಸ್ಟಿಂಗ್ ಮೇಲೂ ಹೀಟ್ ನಂಬರ್ ಉಬ್ಬಿಕೊಂಡಿತ್ತು. ಯಾವ ದಿನದ ಯಾವ ಕರಗಿಸಿದ ಲೋಹದ ಎರಕ ಎಂಬುದು ಅದರಿಂದ ತಿಳಿಯುತ್ತದೆ. ರಿಜಿಸ್ಟರ್ ನೋಡಿ ನಾನು ಒಂದೊಂದು ಚಲನ್ನಿಗೆ (ಮಾಲಿನ ಜೊತೆ ಬರುವ ಚೀಟಿಗೆ) ಒಂದೊಂದು ಪ್ಯಾರಾ ಬರೆದೆ: ಇಂಥ ತಾರೀಖಿನ ಚಲನ್, ಇಂಥ ಹೀಟ್ ನಂಬರಿನ 200 ಬ್ರ್ಯಾಕೆಟ್; ಅದರಲ್ಲಿ 38ಕ್ಕೆ ಬೋರಿಂಗ್ ಮಾಡುವಾಗ ಬ್ಲೋ ಹೋಲ್ (ಎರಕದಲ್ಲಿ ಅನಿಲ ಸಿಕ್ಕಿ ಆದ ಪೊಳ್ಳು) ಕಂಡವು; ಅದೇ ದಿನ ಫೋಟೋ ಸಮೇತ ವಾದಿಯ ಕ್ವಾಲಿಟಿ ವಿಭಾಗಕ್ಕೆ ತಿಳಿಸಲಾಯಿತು; ಅಷ್ಟು ಹಣ ಬಿಲ್ಲಿನಿಂದ ಕಳೆಯಬೇಕೆಂದು ಇಂಥ ನಂಬರಿನ ಡೆಬಿಟ್ ನೋಟ್ ಕಳಿಸಲಾಯಿತು. ಬ್ಲೋ ಹೋಲ್ ಒಳಗೆ ಅಡಗಿರುವ ದೋಷ, ಕೊರೆದಾಗಲೇ ಬಯಲಾಗುವುದು ಎಂಬುದನ್ನೂ ಬಿಡಿಸಿ ಬರೆದೆ. ಇಲ್ಲದಿದ್ದರೆ "ಮಾಲು ಇಟ್ಟುಕೊಂಡು ಸುಮ್ಮನಿದ್ದಿರಿ, ಒಪ್ಪಿದಂತಾಯಿತು" ಎಂದು ಸರಕು ಮಾರಾಟ ಕಾಯ್ದೆಯ 42ನೇ ಕಲಮಿನ ವಾದ ಎದುರಿನವರಿಂದ ಬರುವುದು ಖಚಿತ.

ಮುಂದಿನದು, ಯಾವುದನ್ನು ಯಾವ ತಲೆಬರಹದ ಕೆಳಗೆ ಹಾಕುವುದು. ಇಲ್ಲಿ ನಾನು ಬಹಳ ಎಚ್ಚರ ವಹಿಸುತ್ತೇನೆ. ಆರ್ಡರ್ 8ರ ರೂಲ್ 6ರ ಸೆಟ್ ಆಫ್‌ಗೆ, ಅಂದರೆ ವಾದಿ ನಮಗೆ ಕೊಡಬೇಕಾದ್ದನ್ನು ಅವನ ಬಾಕಿಯಲ್ಲಿ ವಜಾ ಮಾಡಿಕೊಳ್ಳುವುದಕ್ಕೆ, ನಿಗದಿಯಾದ ಮೊತ್ತವಿರಬೇಕು. ಕೋರ್ಟು ಇನ್ನೂ ಅಳೆಯಬೇಕಾದ ನಷ್ಟ ಪರಿಹಾರ ಅಲ್ಲಿ ಕೂರುವುದಿಲ್ಲ. ಮಾಲಿನ ದೋಷಕ್ಕೆ ಬೆಲೆಯಲ್ಲಿ ಕಡಿತ ಕೇಳುವುದು ಸರಕು ಮಾರಾಟ ಕಾಯ್ದೆಯ 59ನೇ ಕಲಮಿನಂತೆ ಬರೀ ರಕ್ಷಣೆ, ಅದನ್ನು ಲಿಖಿತ ಹೇಳಿಕೆಯಲ್ಲೇ ಇಟ್ಟೆ. ಅದಕ್ಕೂ ಮಿಕ್ಕ ನಷ್ಟವನ್ನು, ಅಂದರೆ ಕೊರೆದು ಹಾಳಾದ ಮಷೀನಿಂಗ್ ಖರ್ಚು, ಬಿಡಿಭಾಗ ಸಿಗದೆ ಉತ್ಪಾದನಾ ಲೈನ್ ನಿಂತಿದ್ದಕ್ಕೆ ಕಂಪನಿ ಹಾಕಿದ ದಂಡ ಇವನ್ನು, ಪ್ರತಿದಾವೆಗೆ ತಂದೆ. ದಂಡದ ಬಾಬತ್ತಿಗೆ ಇನ್ನೊಂದು ಪ್ಯಾರಾ ಬೇಕೇ ಬೇಕು: ಈ ಬ್ರ್ಯಾಕೆಟ್ ಎಲ್ಲಿಗೆ ಹೋಗುತ್ತದೆ, ತಡವಾದರೆ ದಂಡ ಬೀಳುತ್ತದೆ ಎಂಬುದು ಒಪ್ಪಂದದ ಹೊತ್ತಿಗೇ ವಾದಿಗೆ ಗೊತ್ತಿತ್ತು ಎಂದು. ಪರ್ಚೇಸ್ ಆರ್ಡರಿನ ಷರತ್ತಿನಲ್ಲೇ ಅದಿತ್ತು. ಒಪ್ಪಂದ ಕಾಯ್ದೆಯ 73ನೇ ಕಲಂ ಕೇಳುವುದು ಇದನ್ನೇ.

ಕಾಲಮಿತಿಯ ಲೆಕ್ಕವೂ ಈ ವಿಂಗಡಣೆಯಲ್ಲೇ ಸೇರಿಕೊಂಡಿತ್ತು. ಕಾಲಮಿತಿ ಕಾಯ್ದೆಯ 3ನೇ ಕಲಮಿನಂತೆ ಸೆಟ್ ಆಫ್‌ಗೆ ದಾವೆ ಹೂಡಿದ ದಿನವೇ ಲೆಕ್ಕ. ಪ್ರತಿದಾವೆಗೆ ಮಾತ್ರ ಅದನ್ನು ಕೋರ್ಟಿನಲ್ಲಿ ಸಲ್ಲಿಸಿದ ದಿನ. ಫೌಂಡ್ರಿಯವರು ಮೂರು ವರ್ಷದ ಕಾಲಮಿತಿ ತುಂಬುವ ಹೊತ್ತಿಗೆ ಬಂದಿದ್ದರು. ನಾವು ಸಲ್ಲಿಸುವ ವೇಳೆಗೆ ತೀರಾ ಹಳೆಯ ಚಲನ್‌ಗಳ ನಷ್ಟ ಅವಧಿ ಮೀರಿತ್ತು. ಅವುಗಳಿಗೆ ಬೆಲೆ ಕಡಿತದ ರಕ್ಷಣೆಯಷ್ಟೇ ಸಾಕೆಂದು, ಪ್ರತಿದಾವೆಯಲ್ಲಿ ಅವಧಿಯೊಳಗಿನವನ್ನು ಮಾತ್ರ ಇಟ್ಟೆ.

ವಾಣಿಜ್ಯ ದಾವೆಯಲ್ಲಿ ಬಡ್ಡಿಗೆ "ಶೇಕಡಾ ಇಷ್ಟರಂತೆ" ಎಂದರೆ ಸಾಲದು. ಆರ್ಡರ್ 7, ರೂಲ್ 2ಎಯಂತೆ ದರದ ಆಧಾರ, ಯಾವ ದಿನದಿಂದ ಯಾವ ದಿನದವರೆಗೆ, ಅಲ್ಲಿಯವರೆಗಿನ ಒಟ್ಟು, ಮುಂದಿನ ದಿನವಹಿ ಬಡ್ಡಿ ಎಲ್ಲವನ್ನೂ ಬರೆಯಬೇಕು. ಕೋರ್ಟ್ ಫೀ ಬೇರೆ ಕಟ್ಟಿದೆವು. ಸ್ಟೇಟ್‌ಮೆಂಟ್ ಆಫ್ ಟ್ರೂತ್‌ಗೆ (ಬರೆದದ್ದೆಲ್ಲ ನಿಜ ಎಂಬ ಪ್ರಮಾಣಕ್ಕೆ) ಸಹಿ ಹಾಕುವ ಮೊದಲು ಕಕ್ಷಿದಾರರಿಗೆ ಪ್ರತಿ ಪ್ಯಾರಾವನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಅದು ಅವರ ಪ್ರಮಾಣ, ನನ್ನದಲ್ಲ. ನಮಗೆ ಅನುಕೂಲವಿಲ್ಲದ ಎರಡು ಇಮೇಲ್‌ಗಳೂ ದಾಖಲೆ ಪಟ್ಟಿಗೆ ಸೇರಿದವು, ಏಕೆಂದರೆ ದಾಖಲೆ ಬಹಿರಂಗಪಡಿಸುವ ಬಗೆಗಿನ ಆರ್ಡರ್ 11 ಅನುಕೂಲ ನೋಡಿ ಆರಿಸುವ ಅವಕಾಶ ಕೊಡುವುದಿಲ್ಲ. ವಾಟ್ಸ್ಆ್ಯಪ್ ಫೋಟೋಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಲಗತ್ತಿಸಿದೆ.

ಎರಡನೇ ಪ್ರತಿವಾದಿಯಾಗಿದ್ದ ಏಜೆಂಟನ ಮೇಲೂ ಕಕ್ಷಿದಾರರಿಗೆ ಸಿಟ್ಟಿತ್ತು. ಸಹಪ್ರತಿವಾದಿಯೊಬ್ಬನ ಮೇಲಷ್ಟೇ ಪ್ರತಿದಾವೆ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ರೋಹಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅವನ ಜಗಳ ಬೇರೆ ದಾವೆಗೆ ಬಿಟ್ಟೆವು.

ಗಡುವಿನ ಬಗ್ಗೆ ನನ್ನದು ಕಟ್ಟುನಿಟ್ಟಿನ ನಿಲುವು. ಸಮನ್ಸ್ ತಲುಪಿದ 120 ದಿನದ ನಂತರ ಲಿಖಿತ ಹೇಳಿಕೆಗೆ ಬಾಗಿಲು ಮುಚ್ಚುತ್ತದೆ. ಪ್ರತಿದಾವೆಯನ್ನು ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ರೂಪಿಸುವವರೆಗೂ ಕೋರ್ಟು ಒಪ್ಪಬಹುದು ಎಂದು 2019ರ ಅಶೋಕ್ ಕುಮಾರ್ ಕಾಲ್ರಾ ತೀರ್ಪು ಹೇಳುತ್ತದೆ, ಆದರೆ ಆ ವಿವೇಚನೆಯನ್ನು ನಂಬಿ ಕೂರುವುದು ಕಕ್ಷಿದಾರರ ದುಡ್ಡಿನ ಜೊತೆ ಜೂಜಾಡಿದಂತೆ. ಎರಡನ್ನೂ ಒಟ್ಟಿಗೇ ಸಲ್ಲಿಸಿದೆ.

ಫೌಂಡ್ರಿಯವರ ಉತ್ತರ ಬಂತು: "ಎಲ್ಲವೂ ಸುಳ್ಳು, ನಿರಾಕರಿಸುತ್ತೇವೆ." ವಾಣಿಜ್ಯ ದಾವೆಯಲ್ಲಿ ಆರ್ಡರ್ 8ರ ರೂಲ್ 3ಎ ಪ್ರಕಾರ ನಿರಾಕರಣೆಗೆ ಕಾರಣ ಕೊಡಬೇಕು, ತಮ್ಮ ಪ್ರಕಾರ ನಡೆದದ್ದೇನು ಎಂದೂ ಹೇಳಬೇಕು. ಹಾಗೆ ನಿರಾಕರಿಸದಿದ್ದರೆ ರೂಲ್ 5ರಂತೆ ಒಪ್ಪಿದಂತೆಯೇ. ವಿವಾದಾಂಶದ ದಿನ ನಾನು ಹೀಟ್ ನಂಬರಿನ ಪ್ಯಾರಾಗಳನ್ನು ಒಂದೊಂದಾಗಿ ಓದಿ, ಇದಕ್ಕೆ ಉತ್ತರ ಎಲ್ಲಿದೆ ಎಂದು ಕೇಳಿದೆ. ದೋಷ ಇತ್ತೋ ಇಲ್ಲವೋ ಎಂಬುದು ವಿವಾದಾಂಶವಾಗಲೇ ಇಲ್ಲ. ನಷ್ಟ ಎಷ್ಟು ಎಂಬುದರ ಮೇಲೆ ಈಗ ಸಾಕ್ಷ್ಯ ನಡೆಯುತ್ತಿದೆ.